ಪ್ರಶ್ನೋತ್ತರ: ಐದು ಓಟ ಮುಗಿದರೂ ಅರ್ಧ ಮೈದಾನ ದಾಟದ ತಂಡ

ಈ ಸಲದ ಕ್ರೀಡಾ ಪ್ರಶ್ನೋತ್ತರವನ್ನು ರಗ್ಬಿ ಲೀಗ್‌ಗೆ ಮೀಸಲಿಟ್ಟಿದ್ದೇವೆ. ಆಸ್ಟ್ರೇಲಿಯಾದಲ್ಲಿರುವ ಓದುಗರ ಪತ್ರಗಳಲ್ಲಿ ಹೆಚ್ಚಿನವು ಒಂದೇ ಅಸಮಾಧಾನವನ್ನು ಬೇರೆ ಬೇರೆ ಮಾತುಗಳಲ್ಲಿ ತೋಡಿಕೊಂಡಿರುವುದರಿಂದ, ಉದ್ದದ ಪತ್ರವೊಂದಕ್ಕೆ ಮೊದಲು ಉತ್ತರಿಸಿ ಉಳಿದವನ್ನು ಅದರ ಬೆನ್ನಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಮಾನ್ಯರೇ, ನಾನು ಸಿಡ್ನಿಯ ನೈರುತ್ಯಕ್ಕಿರುವ ಕ್ಯಾಂಬೆಲ್‌ಟೌನ್‌ನಲ್ಲಿ ನೆಲೆಸಿದ್ದೇನೆ. ನಮ್ಮ ಬಡಾವಣೆಯ ಮೈದಾನದಲ್ಲಿ ಆಡುವ ತಂಡವೆಂಬ ಒಂದೇ ಕಾರಣಕ್ಕೆ ವೆಸ್ಟ್ಸ್ ಟೈಗರ್ಸ್ ಅಭಿಮಾನಿಯಾದೆ. 2011ರ ನಂತರ 2025ರವರೆಗೆ ಈ ತಂಡ ಎನ್‌ಆರ್‌ಎಲ್‌ನ (ಆಸ್ಟ್ರೇಲಿಯಾದ ಪ್ರಮುಖ ರಗ್ಬಿ ಲೀಗ್ ಪಂದ್ಯಾವಳಿ) ಫೈನಲ್ಸ್ ಹಂತವನ್ನು, ಅಂದರೆ ಪ್ರಶಸ್ತಿಗಾಗಿ ನಡೆಯುವ ಕೊನೆಯ ಸುತ್ತುಗಳನ್ನು, ಕಂಡಿಲ್ಲ. 2022, 2023 ಮತ್ತು 2024ರಲ್ಲಿ ಸತತ ಮೂರು ಸಲ ಪಟ್ಟಿಯ ಕೊನೆಯಲ್ಲಿ ನಿಂತು ‘ವುಡನ್ ಸ್ಪೂನ್’ ಪಡೆಯಿತು. ಸೋಲನ್ನು ಹೇಗೋ ಸಹಿಸಬಹುದು, ಆದರೆ ಮುಂದಕ್ಕೆ ಹೋಗದೆ ಸೋಲುವುದನ್ನು ನೋಡುತ್ತ ಕೂರುವುದು ಕಷ್ಟ. ಒಬ್ಬ ಫಾರ್ವರ್ಡ್ (ಮುಂಚೂಣಿಯ ಆಟಗಾರ) ಚೆಂಡು ಹಿಡಿದು ಓಡಿಬಂದು ಮೂವರ ಕೈಗೆ ಸಿಕ್ಕಿ ಬೀಳುತ್ತಾನೆ, ಮುಂದಿನವನದೂ ಅದೇ ಗತಿ, ಕೊನೆಗೆ ನಮ್ಮದೇ 40 ಮೀಟರ್ ಗೆರೆಯ ಹಿಂದಿನಿಂದ ಚೆಂಡನ್ನು ಒದ್ದು ಎದುರಾಳಿಗೆ ಒಪ್ಪಿಸುತ್ತೇವೆ. ಪಕ್ಕದಲ್ಲಿ ಕೂತವರು ‘ಗೋ-ಫಾರ್ವರ್ಡ್ ಇಲ್ಲ’ ಎಂದು ಗೊಣಗುತ್ತಾರೆ. ಇದು ಫಾರ್ವರ್ಡ್‌ಗಳ ದೌರ್ಬಲ್ಯವೇ ಅಥವಾ ಇದರ ಹಿಂದೆ ಬೇರೇನಾದರೂ ಇದೆಯೇ?

ಉತ್ತರ: ದೌರ್ಬಲ್ಯ ಫಾರ್ವರ್ಡ್‌ಗಳದೂ ಇರಬಹುದು, ಆದರೆ ಅವರೊಬ್ಬರದೇ ಅಲ್ಲ. ಮುನ್ನುಗ್ಗುವ ರಭಸವೆಂಬುದು ಜೆರ್ಸಿ ಸಂಖ್ಯೆ 8ರಿಂದ 13ರವರೆಗಿನ ಆರು ಮಂದಿಯ ಖಾಸಗಿ ಜವಾಬ್ದಾರಿಯೆಂದು ಪ್ರೇಕ್ಷಕರು ಭಾವಿಸುವುದೇ ಈ ಆಟದ ಕುರಿತ ಬಹುಪಾಲು ಸಿಟ್ಟು ದಿಕ್ಕು ತಪ್ಪಲು ಕಾರಣ.

ಆಟವನ್ನು ಹೆಚ್ಚು ನೋಡದ ಓದುಗರಿಗಾಗಿ ನಿಯಮವನ್ನು ಚುಟುಕಾಗಿ ಹೇಳಬೇಕು. ರಗ್ಬಿ ಲೀಗ್‌ನಲ್ಲಿ ತಂಡಕ್ಕೆ 13 ಆಟಗಾರರು, ಪಂದ್ಯಕ್ಕೆ 80 ನಿಮಿಷ, ಎರಡೂ ಕಡೆಯ ಟ್ರೈ ಗೆರೆಗಳ ನಡುವೆ 100 ಮೀಟರ್. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ‘ಟ್ರೈ’. ಚೆಂಡು ಸಿಕ್ಕ ತಂಡಕ್ಕೆ ಆರು ಟ್ಯಾಕಲ್‌ಗಳ (ಎದುರಾಳಿ ಹಿಡಿದು ತಡೆಯುವುದು) ಅವಕಾಶವಿದ್ದು, ಆರನೆಯದರಲ್ಲೂ ಸಿಕ್ಕಿಬಿದ್ದರೆ ಚೆಂಡನ್ನು ಅಲ್ಲೇ ಎದುರಾಳಿಗೆ ಬಿಟ್ಟುಕೊಡಬೇಕಾದ್ದರಿಂದ, ಸಾಮಾನ್ಯವಾಗಿ ಐದು ಸಲ ಓಡಿ ಕೊನೆಯದರಲ್ಲಿ ಒದೆಯುತ್ತಾರೆ. ಪ್ರತಿ ಟ್ಯಾಕಲ್ ಆದ ಮೇಲೆ ಬಿದ್ದವನು ಎದ್ದು ನಿಂತು, ಚೆಂಡನ್ನು ನೆಲಕ್ಕಿಟ್ಟು ಪಾದದಿಂದ ಹಿಂದಕ್ಕೆ ಉರುಳಿಸುತ್ತಾನೆ. ಇದಕ್ಕೆ ಪ್ಲೇ-ದ-ಬಾಲ್ ಎನ್ನುತ್ತಾರೆ. ಆ ಹೊತ್ತಿಗೆ ಅವನೆದುರೇ ನಿಲ್ಲುವ ಇಬ್ಬರು ಮಾರ್ಕರ್‌ಗಳನ್ನು ಬಿಟ್ಟು ರಕ್ಷಣಾ ತಂಡದವರೆಲ್ಲ 10 ಮೀಟರ್ ಹಿಂದೆ ಸರಿದಿರಬೇಕು.

ಈಗ ಒಂದು ಸರಳ ಲೆಕ್ಕ ಹಾಕೋಣ. ತಂಡವೊಂದು ತನ್ನ 10 ಮೀಟರ್ ಗೆರೆಯಿಂದ ಹೊರಟು ಓಟಕ್ಕೆ 6 ಮೀಟರ್‌ನಂತೆ ಐದು ಸಲ ಓಡಿದರೆ 40 ಮೀಟರ್ ಗೆರೆಗೆ ಬಂದು ನಿಲ್ಲುತ್ತದೆ. ಓಟಕ್ಕೆ 10 ಮೀಟರ್ ಸಿಕ್ಕರೆ ಅದೇ ತಂಡ ಅರ್ಧ ಮೈದಾನ ದಾಟಿ ಎದುರಾಳಿಯ 40 ಮೀಟರ್ ಗೆರೆಯಲ್ಲಿರುತ್ತದೆ. ಮೊದಲನೆಯ ಸ್ಥಿತಿಯಲ್ಲಿ ಒದೆಯುವವನಿಗೆ ಚೆಂಡನ್ನು ದೂರ ತಳ್ಳುವುದೊಂದೇ ದಾರಿ. ಎರಡನೆಯದರಲ್ಲಿ ಆತ ಮೂಲೆಗೆ ಒದೆಯಬಹುದು, ಎತ್ತರಕ್ಕೆ ಚಿಮ್ಮಿಸಿ ಅದನ್ನು ಹಿಡಿಯಲು ವಿಂಗರ್‌ನನ್ನು (ಅಂಚಿನಲ್ಲಿ ಆಡುವವನನ್ನು) ಹಾರಿಸಬಹುದು, ಇಲ್ಲವೇ ಒದೆಯದೆ ಓಡಲೂಬಹುದು. ಓಟಕ್ಕೆ ನಾಲ್ಕೇ ಮೀಟರ್‌ಗಳ ಈ ವ್ಯತ್ಯಾಸ ಪಂದ್ಯದುದ್ದಕ್ಕೂ ಬಡ್ಡಿ ಸಮೇತ ಬೆಳೆಯುತ್ತ ಹೋಗುತ್ತದೆ, ಏಕೆಂದರೆ ದುರ್ಬಲವಾದ ಒದೆತವನ್ನು ಹಿಡಿದ ಎದುರಾಳಿ ತನ್ನ ಸರದಿಯನ್ನು ಒಳ್ಳೆಯ ಜಾಗದಿಂದ ಆರಂಭಿಸುತ್ತಾನೆ ಮತ್ತು ನಿಮ್ಮವರು ಮುಂದಿನ ಸಲ ಚೆಂಡು ಪಡೆಯುವುದು ಇನ್ನೂ ಹಿಂದಿನ ಜಾಗದಲ್ಲಿ.

ಆ ನಾಲ್ಕು ಮೀಟರ್ ಎಲ್ಲಿಂದ ಬರುತ್ತದೆ? ನನ್ನ ಮಟ್ಟಿಗೆ ಉತ್ತರ ಪ್ಲೇ-ದ-ಬಾಲ್‌ನ ವೇಗದಲ್ಲಿದೆ. ಬಿದ್ದವನು ಮುಖ ಕೆಳಗಾಗಿ, ಮೊಣಕೈ ಮೊಣಕಾಲುಗಳ ಮೇಲೆ ಬಿದ್ದರೆ ತಟ್ಟನೆ ಏಳಬಲ್ಲ. ಬೆನ್ನಡಿಯಾಗಿ ಬಿದ್ದರೆ ಮೈಮೇಲಿನ ಮೂವರು ಒಬ್ಬೊಬ್ಬರಾಗಿ ಕಳಚಿಕೊಳ್ಳುವವರೆಗೆ ಆತ ಕಾಯಬೇಕಾಗುತ್ತದೆ. ಆ ಒಂದೆರಡು ಸೆಕೆಂಡುಗಳಲ್ಲಿ ರಕ್ಷಣಾ ಸಾಲು 10 ಮೀಟರ್ ಹಿಂದೆ ಹೋಗಿ, ತಿರುಗಿ, ಉಸಿರೆಳೆದುಕೊಂಡು ಸಿದ್ಧವಾಗಿ ನಿಂತುಬಿಡುತ್ತದೆ. ಬೇಗ ಎದ್ದನೆಂದರೆ ಅದೇ ಸಾಲು ಇನ್ನೂ ಹಿಮ್ಮುಖವಾಗಿ ನಡೆಯುತ್ತಿರುವಾಗಲೇ ಮುಂದಿನ ಓಟಗಾರ ಮೈಮೇಲೆ ಬಂದಿರುತ್ತಾನೆ. ಹಾಗಾಗಿ ಎರಡನೆಯ ಓಟದ ಯಶಸ್ಸು ಮೊದಲನೆಯವನು ಬಿದ್ದ ಭಂಗಿಯಲ್ಲಿ ಅಡಗಿರುತ್ತದೆ. ಬಹಳ ಬಲವಾಗಿ ಡಿಕ್ಕಿ ಹೊಡೆದು, ಪ್ರೇಕ್ಷಕರ ಕೇಕೆ ಗಿಟ್ಟಿಸಿ, ಬೆನ್ನಡಿಯಾಗಿ ಬೀಳುವ ಫಾರ್ವರ್ಡ್‌ಗಿಂತ, ಕೊನೆಯ ಗಳಿಗೆಯಲ್ಲಿ ಭುಜ ತಿರುಗಿಸಿ ಇಬ್ಬರು ರಕ್ಷಕರ ನಡುವಿನ ಸಂದಿಗೆ ನುಗ್ಗಿ ಮುಂದಕ್ಕೆ ಬೀಳುವವನು ತಂಡಕ್ಕೆ ಹೆಚ್ಚು ಉಪಯುಕ್ತ, ಆದರೆ ಅವನಿಗೆ ಕೇಕೆ ಸಿಗುವುದಿಲ್ಲ.

ನಿಮ್ಮ ಪತ್ರದಲ್ಲಿ ಇನ್ನೊಂದು ಸೂಚನೆಯೂ ಇದೆ. ಒಬ್ಬ ಓಡಿಬಂದು ಮೂವರಿಗೆ ಸಿಕ್ಕಿಬೀಳುತ್ತಾನೆ ಎಂದು ಬರೆದಿದ್ದೀರಿ. ಅಲ್ಲಿ ಮೂವರು ಒಬ್ಬನನ್ನೇ ಹಿಡಿಯಲು ಧೈರ್ಯ ಮಾಡಿದ್ದೇಕೆ? ಚೆಂಡು ಬೇರೆಯವರಿಗೆ ಹೋಗುವುದಿಲ್ಲವೆಂಬ ಖಾತರಿ ಅವರಿಗಿತ್ತು. ಹೂಕರ್‌ನಿಂದ (ಪ್ಲೇ-ದ-ಬಾಲ್ ಆದ ಚೆಂಡನ್ನು ಎತ್ತಿ ಹಂಚುವವನು) ಚೆಂಡು ಪಡೆದು ನಿಂತಲ್ಲಿಂದಲೇ ಓಟ ಆರಂಭಿಸುವ ಒಂಟಿ ಫಾರ್ವರ್ಡ್ ಎಷ್ಟೇ ಬಲಶಾಲಿಯಾದರೂ ಮೂವರ ಪಾಲಿಗೆ ಸುಲಭದ ತುತ್ತು. ಅವನ ಎರಡೂ ಪಕ್ಕಕ್ಕೆ ಒಬ್ಬೊಬ್ಬರು ವೇಗವಾಗಿ ಓಡಿಬರುತ್ತಿದ್ದು, ರಕ್ಷಣಾ ಸಾಲಿನ ಹತ್ತಿರ ಬಂದಾಗ ಆತ ಚೆಂಡನ್ನು ಅವರಿಗೆ ದಾಟಿಸಲೂಬಹುದು ಎಂಬ ಅನುಮಾನವಿದ್ದರೆ, ಮೂವರಲ್ಲಿ ಒಬ್ಬನಾದರೂ ಪಕ್ಕಕ್ಕೆ ಕಣ್ಣು ಹಾಯಿಸುತ್ತಾನೆ. 2021ರಿಂದ 2024ರವರೆಗೆ ಸತತ ನಾಲ್ಕು ಪ್ರಶಸ್ತಿ ಗೆದ್ದ ಪೆನ್ರಿತ್ ಪ್ಯಾಂಥರ್ಸ್ ತಂಡದ 13ನೇ ಸಂಖ್ಯೆಯ ಐಸಾಯಾ ಯಿಯೊ ಇಂಥ ಅನುಮಾನ ಹುಟ್ಟಿಸುವುದರಲ್ಲಿ ನಿಪುಣ. ಮೈದಾನದ ಮಧ್ಯದಲ್ಲಿ, ರಕ್ಷಕರ ಮೂಗಿನಡಿಯಲ್ಲೇ, ಆತ ಓಡುವನೋ ದಾಟಿಸುವನೋ ತಿಳಿಯದೆ ಎದುರಾಳಿಗಳು ಅರ್ಧ ಹೆಜ್ಜೆ ತಡೆಯುತ್ತಾರೆ.

ಅದೇ ಪೆನ್ರಿತ್‌ನಲ್ಲಿ ಮೊದಲೆರಡು ಓಟಗಳನ್ನು ಬಹುಮಟ್ಟಿಗೆ ಹಿಂದಿನ ಸಾಲಿನವರೇ ವಹಿಸಿಕೊಂಡಿದ್ದರು ಎಂಬುದನ್ನೂ ಗಮನಿಸಬೇಕು. ವಿಂಗರ್ ಬ್ರಯಾನ್ ಟೊಓ ಮತ್ತು ಎಲ್ಲರ ಹಿಂದೆ ನಿಲ್ಲುವ ಫುಲ್‌ಬ್ಯಾಕ್ ಡಿಲನ್ ಎಡ್ವರ್ಡ್ಸ್ ತಮ್ಮ ಗೋಲಿನ ಹತ್ತಿರದಿಂದ ಚೆಂಡು ಹೊತ್ತು ತರುವ ಕಠಿಣ ದುಡಿಮೆಯನ್ನು ಮಾಡುತ್ತಿದ್ದುದರಿಂದ, ಫಾರ್ವರ್ಡ್‌ಗಳು ದಣಿಯದೆ ಮೂರನೆಯ ಓಟಕ್ಕೆ ಲಭ್ಯರಿರುತ್ತಿದ್ದರು. ಟೊಓ ಕುಳ್ಳಗಿನ, ಗಟ್ಟಿಮುಟ್ಟಾದ ಆಟಗಾರ. ಆತನನ್ನು ನೆಲಕ್ಕೆ ಕೆಡವುವುದು ತಡವಾಗುತ್ತದೆ, ಬಿದ್ದ ಮೇಲೆ ಏಳುವುದು ಬೇಗ. ನಿಮ್ಮ ತಂಡದ ವಿಂಗರ್‌ಗಳು ಟ್ರೈ ಹಾಕುವುದನ್ನಷ್ಟೇ ಲೆಕ್ಕವಿಟ್ಟಿದ್ದರೆ ಇನ್ನು ಮುಂದೆ ಈ ದುಡಿಮೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಟೈಗರ್ಸ್ ಮಟ್ಟಿಗೆ ಹೇಳುವುದಾದರೆ, ಪೆನ್ರಿತ್‌ನಲ್ಲಿ 2021 ಮತ್ತು 2022ರ ಪ್ರಶಸ್ತಿಗಳನ್ನು ಗೆದ್ದ ಹೂಕರ್ ಅಪಿಸಾಯ್ ಕೊರೊಯ್ಸಾವ್ 2023ರಲ್ಲಿ ನಿಮ್ಮಲ್ಲಿಗೆ ಬಂದರು. ಆ ವರ್ಷವೂ ಮರುವರ್ಷವೂ ತಂಡ ಕೊನೆಯಲ್ಲೇ ಉಳಿಯಿತು. ಕೊರೊಯ್ಸಾವ್ ರಾತ್ರೋರಾತ್ರಿ ಆಟ ಮರೆಯಲಿಲ್ಲ. ಹೂಕರ್‌ನ ಚಾತುರ್ಯವೆಲ್ಲ ವೇಗದ ಪ್ಲೇ-ದ-ಬಾಲ್ ಆದ ಮರುಗಳಿಗೆಯಲ್ಲಿ, ಮಾರ್ಕರ್‌ಗಳು ಸರಿಯಾಗಿ ನಿಲ್ಲುವ ಮುನ್ನ ಕಾಲು ಕೀಳುವುದರಲ್ಲಿರುತ್ತದೆ. ಅಂಥ ಗಳಿಗೆಯೇ ಸಿಗದಿದ್ದರೆ ಅವನು ಚೆಂಡು ಹಂಚುವ ಕೆಲಸಗಾರನಾಗಿಬಿಡುತ್ತಾನೆ. ಪೆನ್ರಿತ್‌ನ ನಾಲ್ಕೂ ಪ್ರಶಸ್ತಿಗಳಲ್ಲಿ ಪಾಲುಗೊಂಡು 2025ಕ್ಕೆ ಟೈಗರ್ಸ್ ಸೇರಿದ, ಆಟ ಕಟ್ಟುವ ಫೈವ್-ಏಯ್ತ್ ಸ್ಥಾನದ ಜರೋಮ್ ಲುವಾಯ್ ಕುರಿತೂ ಇದೇ ಮಾತು. ಚೆಂಡು ಮುಂದಕ್ಕೆ ಸಾಗುತ್ತಿರುವಾಗ ಆಟ ಕಟ್ಟುವವರನ್ನು ಕೊಂಡುತಂದು, ಚೆಂಡು ನಿಂತಲ್ಲೇ ನಿಂತಿರುವಾಗ ಅವರಿಂದ ಅದೇ ಆಟವನ್ನು ಬಯಸುವುದು ದುಬಾರಿ ಆಸೆ. ಹಾಗಾಗಿ ನನ್ನ ದೂರು ಫಾರ್ವರ್ಡ್‌ಗಳಿಗಿಂತ ಹೆಚ್ಚಾಗಿ ತಂಡ ಕಟ್ಟುವವರ ಆದ್ಯತೆಗಳ ಮೇಲಿದೆ.

ಪ್ರಶ್ನೆ: ಹಾಗಿದ್ದರೆ ದೈತ್ಯದೇಹದ ಇಬ್ಬರು ಪ್ರಾಪ್‌ಗಳನ್ನು (ಎಲ್ಲರಿಗಿಂತ ಮುಂದಿನ ಭಾರಿ ಫಾರ್ವರ್ಡ್‌ಗಳನ್ನು) ಕೊಂಡುಕೊಂಡರೆ ತೊಂದರೆ ನೀಗುವುದಲ್ಲವೇ? (ಪ್ಯಾರಮಟ್ಟಾದಿಂದ ಓದುಗರೊಬ್ಬರು)

ಉತ್ತರ: ಪೂರ್ತಿ ನೀಗುವುದಿಲ್ಲ. ಟೈಗರ್ಸ್‌ಗೇ ಇದರ ಸಾಕ್ಷಿ ಮನೆಯಲ್ಲಿದೆ. 2005ರಲ್ಲಿ ಟಿಮ್ ಶೀನ್ಸ್ ತರಬೇತಿಯಲ್ಲಿ ಆ ಕ್ಲಬ್ ತನ್ನ ಏಕೈಕ ಪ್ರಶಸ್ತಿಯನ್ನು ಗೆದ್ದಾಗ, ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ ತಂಡವನ್ನು 30–16ರಿಂದ ಸೋಲಿಸಿದ್ದು ಭಾರದಿಂದಲ್ಲ. ನಾಯಕ ಸ್ಕಾಟ್ ಪ್ರಿನ್ಸ್, ಹೂಕರ್ ರಾಬಿ ಫಾರಾ, ಫುಲ್‌ಬ್ಯಾಕ್ ಬ್ರೆಟ್ ಹಾಜ್ಸನ್, ಮತ್ತು ಈಗ ತರಬೇತುದಾರರಾಗಿರುವ ಬೆಂಜಿ ಮಾರ್ಷಲ್ ಇದ್ದ ಆ ತಂಡ, ಟ್ಯಾಕಲ್ ಪೂರ್ತಿಯಾಗುವ ಮುನ್ನವೇ ಚೆಂಡನ್ನು ದಾಟಿಸುತ್ತ, ಬೇಗ ಎದ್ದು ಬೇಗ ಆಡುತ್ತ, ರಕ್ಷಣಾ ಸಾಲು ನೆಟ್ಟಗೆ ನಿಲ್ಲಲು ಅವಕಾಶವನ್ನೇ ಕೊಡುತ್ತಿರಲಿಲ್ಲ. ಮಾರ್ಷಲ್ ತಮ್ಮ ಪಾಳಯದಿಂದ ಓಡಿಬಂದು ಬೆನ್ನ ಹಿಂದಿನಿಂದ ಪ್ಯಾಟ್ ರಿಚರ್ಡ್ಸ್‌ಗೆ ಚಿಮ್ಮಿಸಿದ ಪಾಸ್ ಅನ್ನು ಇಂದಿಗೂ ಜನ ನೆನೆಯುತ್ತಾರೆ.

ಇದರರ್ಥ ದೊಡ್ಡ ಪ್ರಾಪ್ ನಿರುಪಯುಕ್ತನೆಂದಲ್ಲ. 2025ರಲ್ಲಿ ಮೆಲ್ಬರ್ನ್ ಸ್ಟಾರ್ಮ್ ಅನ್ನು 26–22ರಿಂದ ಮಣಿಸಿ ಪ್ರಶಸ್ತಿ ಗೆದ್ದ ಬ್ರಿಸ್ಬೇನ್ ಬ್ರಾಂಕೋಸ್‌ನ ಪೇನ್ ಹಾಸ್‌ರನ್ನು ನೋಡಿ. ಅವರ ಗಾತ್ರಕ್ಕಿಂತ ಅಪರೂಪದ್ದು ಆ ಗಾತ್ರ ಹೊತ್ತು ಅಷ್ಟು ಹೊತ್ತು ಮೈದಾನದಲ್ಲಿ ಉಳಿಯಬಲ್ಲ ಶಕ್ತಿ. ಹೆಚ್ಚಿನ ಪ್ರಾಪ್‌ಗಳು ಇಪ್ಪತ್ತು ಇಪ್ಪತ್ತೈದು ನಿಮಿಷ ಆಡಿ ಬೆಂಚಿಗೆ ಮರಳುತ್ತಾರೆ. ಬದಲಾವಣೆಗಳ ಮಿತಿಯನ್ನು 2016ರಲ್ಲಿ 10ರಿಂದ 8ಕ್ಕೆ ಇಳಿಸಿದ ಮೇಲಂತೂ ಆರಂಭದ ಇಬ್ಬರು ಹೊರನಡೆದಾಗ ಬರುವವರ ಗುಣಮಟ್ಟವೇ ನಿರ್ಣಾಯಕವಾಯಿತು. ಮೊದಲ ಇಪ್ಪತ್ತು ನಿಮಿಷ ಚೆನ್ನಾಗಿ ಆಡಿ ವಿರಾಮದ ಹೊತ್ತಿಗೆ ಕುಸಿಯುವ ತಂಡವನ್ನು ಕಂಡಾಗಲೆಲ್ಲ ನಾನು ಮೊದಲು ನೋಡುವುದು ಬೆಂಚನ್ನು. ಟೈಗರ್ಸ್ 2024ರ ಕೊನೆಯಲ್ಲಿ ಸ್ಟೆಫಾನೊ ಉಟೊಯ್ಕಮಾನು ಎಂಬ ಪ್ರಾಪ್ ಅನ್ನು ಮೆಲ್ಬರ್ನ್‌ಗೆ ಕಳೆದುಕೊಂಡಿತು. ಸಿಡ್ನಿ ರೂಸ್ಟರ್ಸ್‌ನಿಂದ ಬಂದ ಟೆರೆಲ್ ಮೇ ದೀರ್ಘಕಾಲ ಆಡಬಲ್ಲ, ಬಿದ್ದ ಕೂಡಲೇ ಏಳಬಲ್ಲ ಆಟಗಾರ. 2025ರಲ್ಲಿ ತಂಡ ಕೊನೆಯ ಸ್ಥಾನದಿಂದ ಪಾರಾದುದರಲ್ಲಿ ಅವರ ಪಾಲು ದೊಡ್ಡದು ಎಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ಪಂದ್ಯದ ನಂತರ ಅಂಕಿಅಂಶ ನೋಡಿದರೆ ಕೆಲವೊಮ್ಮೆ ಓಡಿದ ಒಟ್ಟು ಮೀಟರ್‌ಗಳಲ್ಲಿ ಸೋತ ತಂಡವೇ ಮುಂದಿರುತ್ತದೆ. ಮುಂದಕ್ಕೆ ಹೋಗಿಯೂ ಸೋತರೇ? (ಬ್ರಿಸ್ಬೇನ್‌ನಿಂದ)

ಉತ್ತರ: ಒಟ್ಟು ಮೀಟರ್‌ಗಳು ಎಂಬ ಅಂಕಿ ಬಹಳ ಮೋಸ ಮಾಡುತ್ತದೆ. ಎದುರಾಳಿ ದೂರಕ್ಕೆ ಒದ್ದ ಚೆಂಡನ್ನು ಫುಲ್‌ಬ್ಯಾಕ್ ಹಿಡಿದು ಯಾರ ಕೈಗೂ ಸಿಗುವ ಮೊದಲು ಓಡುವ ದೂರವೆಲ್ಲ ಅದರಲ್ಲಿ ಸೇರಿಕೊಳ್ಳುತ್ತದೆ. ಹೆಚ್ಚು ಒದೆತಗಳನ್ನು ಎದುರಿಸುವ ತಂಡಕ್ಕೆ, ಅಂದರೆ ಬಹುಪಾಲು ಸಂಕಷ್ಟದಲ್ಲಿರುವ ತಂಡಕ್ಕೆ, ಇಂಥ ಪುಕ್ಕಟೆ ಮೀಟರ್‌ಗಳು ಧಾರಾಳವಾಗಿ ಸಿಗುತ್ತವೆ. ಜೊತೆಗೆ, ತನ್ನ ಪಾಳಯದಲ್ಲಿ ಹೊರಟು ಅಲ್ಲೇ ಮುಗಿಯುವ ಸರದಿಗಳು ಎಷ್ಟು ಮೀಟರ್ ಕೂಡಿಸಿದರೂ ಎದುರಾಳಿಗೆ ಭಯವಿಲ್ಲ.

ನಾನು ನೋಡುವುದು ಟ್ಯಾಕಲ್‌ಗೆ ಸಿಕ್ಕ ಮೇಲೆ ಗಳಿಸಿದ ಮೀಟರ್‌ಗಳನ್ನು. ಕಬಡ್ಡಿಯಲ್ಲಿ ನಾಲ್ಕಾರು ಕೈಗಳ ಹಿಡಿತದಲ್ಲೂ ಮಧ್ಯರೇಖೆಯ ಕಡೆಗೆ ಮೈ ಎಳೆದುಕೊಂಡು ಹೋಗುವ ರೈಡರ್‌ನನ್ನು ಕಂಡವರಿಗೆ ಈ ಅಂಕಿಯ ಬೆಲೆ ವಿವರಿಸಬೇಕಿಲ್ಲ. ಹಿಡಿತಕ್ಕೆ ಸಿಕ್ಕ ಮೇಲೂ ಕಾಲು ನಿಲ್ಲಿಸದೆ ಇನ್ನೆರಡು ಹೆಜ್ಜೆ ತಳ್ಳಿಕೊಂಡು ಹೋಗುವವನು ಆ ಎರಡು ಮೀಟರ್‌ಗಳಷ್ಟನ್ನೇ ಗಳಿಸುವುದಲ್ಲ, ರಕ್ಷಣಾ ಸಾಲಿನ ಉಳಿದವರೂ ಅಷ್ಟು ಹೆಚ್ಚು ದೂರ ಹಿಂದೆ ಓಡುವಂತೆ ಮಾಡುತ್ತಾನೆ. ಇದರ ಪಕ್ಕದಲ್ಲಿ ಇಟ್ಟು ನೋಡಬೇಕಾದ ಇನ್ನೊಂದು ಅಂಕಿ, ಚೆಂಡು ಕೈಚೆಲ್ಲದೆ ಪೂರ್ತಿಗೊಳಿಸಿದ ಸರದಿಗಳದು. ಎರಡನೆಯ ಓಟದಲ್ಲೇ ಚೆಂಡು ಜಾರಿಸಿದರೆ, ಅದಕ್ಕೂ ಮುನ್ನ ಎಷ್ಟು ಮೀಟರ್ ಬಂದಿದ್ದರೂ ರಕ್ಷಣೆಗೆ ನಿಲ್ಲಬೇಕಾದವರು ಆಗತಾನೇ ಓಡಿ ದಣಿದ ಅದೇ ಫಾರ್ವರ್ಡ್‌ಗಳು. ಟ್ಯಾಕಲ್ ಮಾಡಿ ಮಾಡಿ ಸೋತ ತೋಳುಗಳಿಂದ ಮುಂದಿನ ಸಲ ರಭಸದ ಓಟ ಬರುವುದಿಲ್ಲ.

ಪ್ರಶ್ನೆ: ನಮ್ಮವರು ಬಿದ್ದಾಗಲೆಲ್ಲ ಎದುರಾಳಿಗಳು ಮೈಮೇಲೆ ಮಲಗಿಬಿಡುತ್ತಾರೆ, ರೆಫರಿ ಸುಮ್ಮನಿರುತ್ತಾರೆ. ತಪ್ಪು ರೆಫರಿಯದಲ್ಲವೇ? (ಸಿಡ್ನಿಯಿಂದ)

ಉತ್ತರ: ನಿಮ್ಮ ಎದುರಾಳಿ ಅಭಿಮಾನಿಗಳೂ ಇದೇ ಪ್ರಶ್ನೆ ಕಳಿಸಿದ್ದಾರೆ! ಆದರೆ ದೂರಿನಲ್ಲಿ ಹುರುಳಿಲ್ಲವೆಂದು ಹೇಳಲಾರೆ. 1993ಕ್ಕೂ ಮುಂಚೆ ರಕ್ಷಕರು 5 ಮೀಟರ್ ಮಾತ್ರ ಹಿಂದೆ ಸರಿಯಬೇಕಿತ್ತು. ಆ ವರ್ಷ ಅದು 10 ಮೀಟರ್ ಆಯಿತು. ದಾಳಿಗೆ ಜಾಗ ಸಿಕ್ಕಿತು, ಜೊತೆಗೆ ಹಿಂದೆ ಓಡಿ ಸಾಲು ಕಟ್ಟಲು ರಕ್ಷಕರಿಗೆ ಹೆಚ್ಚು ಸಮಯವೂ ಬೇಕಾಯಿತು. ಆ ಸಮಯವನ್ನು ನೆಲದ ಮೇಲೆ ಕದಿಯುವ ಕಲೆ ಬೆಳೆದದ್ದು ಹೀಗೆ. ಕ್ರೇಗ್ ಬೆಲಮಿ ತರಬೇತಿಯ ಮೆಲ್ಬರ್ನ್ ಸ್ಟಾರ್ಮ್ ಈ ಶತಮಾನದ ಮೊದಲ ದಶಕದಲ್ಲಿ ಕುಸ್ತಿ ಮತ್ತು ಜುಜುತ್ಸು ಪಟ್ಟುಗಳನ್ನು ಟ್ಯಾಕಲ್‌ಗೆ ಅಳವಡಿಸಿತು. ಬೈಯುತ್ತಲೇ ಇತರ ಕ್ಲಬ್‌ಗಳೂ ಕಲಿತವು.

ಈ ನಿಧಾನಗತಿಗೆ ಮದ್ದೆಂದು 2020ರ ಮೇ ತಿಂಗಳಲ್ಲಿ, ಕೋವಿಡ್ ಕಾರಣ ನಿಂತಿದ್ದ ಪಂದ್ಯಾವಳಿ ಮರಳಿ ಆರಂಭವಾದಾಗ, ‘ಸಿಕ್ಸ್ ಅಗೇನ್’ ನಿಯಮ ಬಂತು. ಪ್ಲೇ-ದ-ಬಾಲ್ ತಡೆದರೆ ಆಟ ನಿಲ್ಲಿಸಿ ಪೆನಾಲ್ಟಿ ಕೊಡುವ ಬದಲು, ದಾಳಿಯ ತಂಡಕ್ಕೆ ಆ ಕ್ಷಣವೇ ಹೊಸದಾಗಿ ಆರು ಟ್ಯಾಕಲ್‌ಗಳು ಸಿಗುವಂತಾಯಿತು. ಇದರಿಂದ ಆಟಕ್ಕೆ ವೇಗ ಬಂದದ್ದು ನಿಜವಾದರೂ, ರಭಸವಿರುವ ತಂಡಕ್ಕೆ ಇನ್ನಷ್ಟು ರಭಸ, ಇಲ್ಲದವರಿಗೆ ಇನ್ನಷ್ಟು ದಣಿವು ಎಂಬ ಸ್ಥಿತಿಯೂ ಬಂತು. 2021ರ ಭಾರೀ ಅಂತರದ ಸೋಲುಗಳನ್ನು ಮರೆತವರಿಲ್ಲ. ರೆಫರಿ ಕೂಗುವ ‘ಡಾಮಿನೆಂಟ್’, ‘ಸರೆಂಡರ್’ ಎಂಬ ಎರಡು ಪದಗಳನ್ನು ಕಿವಿಗೊಟ್ಟು ಕೇಳಿ. ಮೊದಲನೆಯದು, ರಕ್ಷಕರು ಸ್ಪಷ್ಟವಾಗಿ ಮೇಲುಗೈ ಸಾಧಿಸಿದ್ದಾರೆ, ಏಳಲು ಸ್ವಲ್ಪ ಹೆಚ್ಚು ಸಮಯ ತೆಗೆದುಕೊಳ್ಳಲಿ ಎಂದು. ಎರಡನೆಯದು, ಓಟಗಾರ ತಾನಾಗಿ ಬಿದ್ದಿದ್ದಾನೆ ಎಂದು. ನಿಮ್ಮ ಫಾರ್ವರ್ಡ್‌ಗಳ ಹೆಸರಿನ ಮುಂದೆ ಈ ಎರಡು ಕೂಗುಗಳೇ ಮತ್ತೆ ಮತ್ತೆ ಕೇಳಿಬಂದರೆ ನಿಧಾನವಾಗಿ ಏಳುವುದಕ್ಕೆ ರೆಫರಿಯನ್ನು ಹೊಣೆ ಮಾಡಲಾಗದು.

ಪ್ರಶ್ನೆ: ರಗ್ಬಿ ಲೀಗ್ ಮತ್ತು ರಗ್ಬಿ ಯೂನಿಯನ್‌ನಲ್ಲಿ ಫಾರ್ವರ್ಡ್‌ಗಳ ಕೆಲಸ ಒಂದೇ ತಾನೇ? (ಬೆಂಗಳೂರಿನಿಂದ)

ಉತ್ತರ: ಅಲ್ಲ. 1895ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ ಉತ್ತರದ ಕ್ಲಬ್‌ಗಳು, ಕೆಲಸ ಬಿಟ್ಟು ಆಡಲು ಬರುವ ಕಾರ್ಮಿಕರಿಗೆ ಕೂಲಿ ನಷ್ಟ ತುಂಬಿಕೊಡುವ ಪ್ರಶ್ನೆಯ ಮೇಲೆ ಬೇರೆಯಾದವು. ಆಟದ ನಿಯಮಗಳು ಆಮೇಲೆ ಬೇರೆಯಾದವು. 15 ಮಂದಿಯ ಯೂನಿಯನ್‌ನಲ್ಲಿ ಎಂಟು ಫಾರ್ವರ್ಡ್‌ಗಳು ಎದುರಾಳಿಯೊಂದಿಗೆ ಹೆಣೆದುಕೊಂಡು ಸ್ಕ್ರಮ್‌ನಲ್ಲಿ ತಳ್ಳಬೇಕು, ಅಂಚಿನಿಂದ ಎಸೆದ ಚೆಂಡಿಗಾಗಿ ಲೈನ್‌ಔಟ್‌ನಲ್ಲಿ ಹಾರಬೇಕು, ನೆಲದ ಮೇಲಿನ ಚೆಂಡಿಗಾಗಿ ಹೋರಾಡಬೇಕು. ಲೀಗ್‌ನಲ್ಲಿ ಟ್ಯಾಕಲ್ ಆದವನ ಚೆಂಡನ್ನು ಕಸಿಯುವ ಹೋರಾಟವಿಲ್ಲ, ಸ್ಕ್ರಮ್ ಬಹುತೇಕ ಶಾಸ್ತ್ರಕ್ಕೆ. ಹಾಗಾಗಿ ಇಲ್ಲಿನ ಫಾರ್ವರ್ಡ್‌ಗೆ ಓಡುವುದು, ಹಿಡಿಯುವುದು ಬಿಟ್ಟರೆ ಅಡಗಿಕೊಳ್ಳಲು ಬೇರೆ ಕೆಲಸವಿಲ್ಲ.

ಪ್ರಶ್ನೆ: ಟ್ಯಾಕಲ್‌ಗಳಿಗೆ ಮಿತಿಯೇ ಇಲ್ಲದಿದ್ದ ಕಾಲದಲ್ಲಿ ಈ ಸಮಸ್ಯೆ ಇರಲಿಲ್ಲವೇ? (ಮೆಲ್ಬರ್ನ್‌ನಿಂದ)

ಉತ್ತರ: ಸಮಸ್ಯೆ ತಿರುಗುಮುರುಗಾಗಿತ್ತು. ಚೆಂಡು ಬಿಟ್ಟುಕೊಡಬೇಕಾದ ಒತ್ತಾಯವಿಲ್ಲದ್ದರಿಂದ ಬಲವಾದ ಫಾರ್ವರ್ಡ್‌ಗಳಿದ್ದ ತಂಡ ಎರಡೆರಡೇ ಮೀಟರ್ ಸಾಗಿದರೂ ಚೆಂಡನ್ನು ಗಂಟೆಗಟ್ಟಲೆ ತನ್ನ ಬಳಿಯೇ ಇಟ್ಟುಕೊಳ್ಳಬಹುದಿತ್ತು ಎಂದರೆ ಸ್ವಲ್ಪವೇ ಉತ್ಪ್ರೇಕ್ಷೆ. ಸಿಡ್ನಿಯ ಸೇಂಟ್ ಜಾರ್ಜ್ 1956ರಿಂದ 1966ರವರೆಗೆ ಸತತ 11 ಪ್ರಶಸ್ತಿ ಗೆದ್ದದ್ದು ಈ ಕಾಲದಲ್ಲಿ. ಇಂಗ್ಲೆಂಡ್ 1966ರಲ್ಲಿ, ಆಸ್ಟ್ರೇಲಿಯಾ 1967ರಲ್ಲಿ ನಾಲ್ಕು ಟ್ಯಾಕಲ್‌ಗಳ ಮಿತಿ ತಂದವು. ಅದೇ 1967ರಲ್ಲಿ ಸೇಂಟ್ ಜಾರ್ಜ್ ಸರಣಿ ಕಡಿಯಿತು. ನಾಲ್ಕರಲ್ಲಿ ಏನನ್ನೂ ಕಟ್ಟಲಾಗದೆ ಆಟ ತರಾತುರಿಯಾದಾಗ ಆಸ್ಟ್ರೇಲಿಯಾ 1971ರಲ್ಲಿ ಮಿತಿಯನ್ನು ಆರಕ್ಕೆ ಏರಿಸಿತು. ಅಂದಿನಿಂದ ಪ್ರತಿ ಓಟಕ್ಕೂ ಬೆಲೆ ಬಂದದ್ದರಿಂದಲೇ ನಿಮಗೂ ನನಗೂ ಈ ಪರಿ ಸಿಟ್ಟು ಬರುವುದು ಸಾಧ್ಯವಾಗಿದೆ.

ಪ್ರಶ್ನೆ: ಮುಂದಿನ ಪಂದ್ಯಕ್ಕೆ ಹೋದಾಗ ತಂಡ ಸುಧಾರಿಸುತ್ತಿದೆಯೇ ಎಂದು ತಿಳಿಯಲು ಏನನ್ನು ನೋಡಬೇಕು? (ಕ್ಯಾಂಬೆಲ್‌ಟೌನ್ ಓದುಗರ ಎರಡನೆಯ ಪತ್ರದಿಂದ)

ಉತ್ತರ: ಸಾಧ್ಯವಾದರೆ ಮೈದಾನದ ಪಕ್ಕದ ಆಸನ ಬಿಟ್ಟು ಗೋಲ್ ಕಂಬಗಳ ಹಿಂದೆ, ಸ್ವಲ್ಪ ಎತ್ತರದಲ್ಲಿ ಕುಳಿತುಕೊಳ್ಳಿ, ರಕ್ಷಕರ ನಡುವಿನ ಸಂದಿಗಳು ಅಲ್ಲಿಂದ ಕಾಣುತ್ತವೆ. ಹತ್ತು ನಿಮಿಷಗಳ ಕಾಲ ಚೆಂಡನ್ನು ಮರೆತು, ನಿಮ್ಮವರು ಒದೆದ ಕೂಡಲೇ ಎಷ್ಟು ಮಂದಿ ಒಂದೇ ಸಾಲಿನಲ್ಲಿ ಬೆನ್ನಟ್ಟಿ ಓಡುತ್ತಾರೆ ಎಂದು ನೋಡಿ. ಎದುರಾಳಿಯನ್ನು ಅವನ 15 ಮೀಟರ್ ಒಳಗೇ ಕಟ್ಟಿಹಾಕಿದರೆ ಅವನ ಒದೆತವೂ ಮೊಟಕಾಗಿ, ನಿಮ್ಮ ಮುಂದಿನ ಸರದಿ ಅರ್ಧ ಮೈದಾನದ ಹತ್ತಿರ ಆರಂಭವಾಗುತ್ತದೆ. ಆಮೇಲೆ ಮೊದಲ ಎರಡು ಓಟಗಳಲ್ಲಿ ಬಿದ್ದವನ ಎದೆ ನೆಲಕ್ಕಿದೆಯೋ ಆಕಾಶಕ್ಕಿದೆಯೋ ಗಮನಿಸಿ. ಆ ಎರಡರಲ್ಲಿ ಒಂದಾದರೂ ಎದೆ ನೆಲಕ್ಕಿದ್ದು, ಕೊರೊಯ್ಸಾವ್ ಚೆಂಡು ಎತ್ತಿಕೊಂಡು ತಾನೇ ಓಡತೊಡಗಿದರೆ, ಪಕ್ಕದವರ ಗೊಣಗಾಟ ಆ ಸರದಿಯ ಮಟ್ಟಿಗಾದರೂ ನಿಲ್ಲುತ್ತದೆ.